ಭಾವನ ಕೊಳಕ್ಕೊಂದು ಶಾಸನ

ಅಡಿಕೆಗೆ ಬೆಲೆ ಬಂದ ವರ್ಷ ಮಲೆನಾಡಿನಲ್ಲಿ ಯಾರ ಮನೆಯಲ್ಲಿ ಏನು ಹುಟ್ಟುತ್ತದೆಂದು ಜೋಯಿಸರೂ ಹೇಳಲಾರರು. ಒಬ್ಬರಿಗೆ ಕಾರು ಹುಟ್ಟುತ್ತದೆ, ಒಬ್ಬರಿಗೆ ಬೋರು ಹುಟ್ಟುತ್ತದೆ, ಇನ್ನೊಬ್ಬರ ಹಳೇ ಹೆಂಚಿನ ಮನೆಗೆ ಮುಂದುಗಡೆ ಹೊಸ ಪೋರ್ಟಿಕೋ ಹುಟ್ಟುತ್ತದೆ. ನಮ್ಮ ಭಾವನಿಗೆ ಈಜುಕೊಳ ಹುಟ್ಟಿತು.

ಮನೆ ಇರುವುದು ಶಿಕಾರಿಪುರ ತಾಲೂಕು ಮುಗಿದು ಸೊರಬ ತಾಲೂಕು ಶುರುವಾಗುವ ಕಡೆ. ಸಾಮಾನಿಗೆ ಶಿರಾಳಕೊಪ್ಪ, ಸಾಲಕ್ಕೆ ಸೊರಬ. ಈ ಕಡೆ ಕುಮುದ್ವತಿ, ಆ ಕಡೆ ದಂಡಾವತಿ, ಇನ್ನೂ ಸ್ವಲ್ಪ ಆಚೆಗೆ ವರದಾ. ನಡುವೆ ಊರಿಗೊಂದು ಸಾಲದು ಎಂದು ಕೇರಿಗೊಂದು ಕೆರೆ. ಅಂಥ ಸೀಮೆಯಲ್ಲಿ ಕಾಸು ಕೊಟ್ಟು ನೀರು ನಿಲ್ಲಿಸಿಕೊಳ್ಳುವ ಮನುಷ್ಯನನ್ನು ಊರು ಹೇಗೆ ನೋಡಬೇಕೋ ಹಾಗೇ ನೋಡಿತು. "ಹೋಂಸ್ಟೇ ಮಾಡೋದು ಮಾರಾಯ. ಬೆಂಗಳೂರಿನೋರು ಬರ್ತಾರೆ. ಅವರಿಗೆ ಕೆರೆ ಆಗೋದಿಲ್ಲ, ತಳ ಕಾಣ್ಬೇಕು" ಎಂದು ಭಾವ ನನಗೆ ತಿಳಿಹೇಳಿದರು. ಬೆಂಗಳೂರಿನವರು ಬಂದರು. ಕೊಳದ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಆಮೇಲೆ ಈಜಲಿಕ್ಕೆ ಇಲ್ಲಿ ಒಳ್ಳೇ ಕೆರೆ ಯಾವುದಿದೆ ಎಂದು ಕೇಳಿದರು.

ಅಳತೆ ಹೇಳಿಬಿಡುತ್ತೇನೆ. ಉದ್ದ 30 ಅಡಿ, ಅಗಲ 15 ಅಡಿ, ಆಳ ಒಂದು ಕಡೆ ಮೂರು, ಇನ್ನೊಂದು ಕಡೆ ಐದು. ಹಿಡಿಯುವ ನೀರು ಸುಮಾರು 51,000 ಲೀಟರ್. ನನ್ನ ಅಕ್ಕ ಬಾವಿ ಸೇದಿದ ಕಾಲದವಳು. ಅವಳಿಗೆ ಲೀಟರಿನ ಲೆಕ್ಕ ಹಿಡಿಸುವುದಿಲ್ಲ. ಕೊಡಕ್ಕೆ ಹದಿನೈದು ಲೀಟರ್ ಹಿಡಿದು 3,400 ಕೊಡ ಎಂದು ಬಾಯಲ್ಲೇ ಲೆಕ್ಕ ಹಾಕಿ, "ಇವರಿಗೆ ಮೀಯೋಕೆ ಹಂಡೆ ಸಾಲಲಿಲ್ಲ" ಎಂದಳು. ಇನ್ನೊಂದು ಸಂಗತಿ ಹೇಳದಿದ್ದರೆ ಓದುಗರಿಗೆ ಮೋಸವಾಗುತ್ತದೆ: ನಮ್ಮ ಭಾವನಿಗೆ ಈಜು ಬರುವುದಿಲ್ಲ. ಚಿಕ್ಕಂದಿನಲ್ಲಿ ಬೆನ್ನಿಗೆ ಖಾಲಿ ಕ್ಯಾನು ಕಟ್ಟಿ ಕೆರೆಗೆ ದೂಡಿದ್ದರಂತೆ. ಕ್ಯಾನು ತೇಲಿತಂತೆ.

ಮೊದಲ ಬೇಸಿಗೆ ಕೊಳ ನೀಲಿ ಇತ್ತು. ಆಮೇಲಿನ ಮಳೆಗಾಲ ಮುಗಿಯುವ ಹೊತ್ತಿಗೆ ಹಸಿರಾಯಿತು, ಅದರ ಮರುವರ್ಷ ಹಸಿರೇ ಅದರ ಬಣ್ಣವೆಂದು ಎಲ್ಲರೂ ಒಪ್ಪಿಕೊಂಡರು. ಸುತ್ತ ಅಡಿಕೆ ತೋಟ. ಗಾಳಿ ಬಂದರೆ ಸೋಗೆ ಬೀಳುತ್ತದೆ, ಬರದಿದ್ದರೆ ಹಾಳೆ ಬೀಳುತ್ತದೆ. ಬಿಸಿಲು ಕ್ಲೋರಿನ್ನನ್ನು ಗಂಟೆಗಳಲ್ಲಿ ಸುಟ್ಟು ಹಾಕುತ್ತದೆ, ಮಳೆ ಉಳಿದದ್ದನ್ನು ತೆಳು ಮಾಡುತ್ತದೆ. ಫಿಲ್ಟರಿನೊಳಗಿನ ಮರಳನ್ನು ಹಿಮ್ಮುಖ ನೀರು ಬಿಟ್ಟು ತೊಳೆಯುತ್ತಿರಬೇಕು, ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು ಎಂಬುದು ಭಾವನಿಗೆ ಗೊತ್ತಿತ್ತು. ಗೊತ್ತಿರುವುದಕ್ಕೂ ಮಾಡುವುದಕ್ಕೂ ನಡುವೆ ಮಲೆನಾಡಿನಲ್ಲಿ ಒಂದು ನಿದ್ರೆ ಇರುತ್ತದೆ.

ಕಪ್ಪೆಗಳು ಬಂದವು. ಕಪ್ಪೆಯ ಹಿಂದೆ ಕೇರೆ ಹಾವು ಬಂತು. ಸೊಳ್ಳೆಗಂತೂ ಕರೆಯೋಲೆಯೇ ಬೇಕಿರಲಿಲ್ಲ. ಆಶಾ ಕಾರ್ಯಕರ್ತೆ ಬಂದು ಹೂವಿನ ಕುಂಡದ ತಟ್ಟೆ, ತೆಂಗಿನ ಚಿಪ್ಪು, ಹಳೇ ಟೈರು ಎಲ್ಲ ಬಗ್ಗಿ ನೋಡಿ, "ಎಲ್ಲೂ ನೀರು ನಿಲ್ಲಿಸಬೇಡಿ ಅಣ್ಣ" ಎಂದು ಹೇಳಿ ತಿರುಗಿದಾಗ ಕೊಳ ಕಂಡಿತು. ಆಕೆ ಏನೂ ಮಾತಾಡಲಿಲ್ಲ. ಪುಸ್ತಕದಲ್ಲಿ ಅದಕ್ಕೊಂದು ಕಾಲಮ್ಮೇ ಇರಲಿಲ್ಲ.

ಮಂಗಗಳು ಬಂದಾಗ ಮಾತ್ರ ಅಕ್ಕ ಗಲಾಟೆ ಎಬ್ಬಿಸಿದಳು. ಅದಕ್ಕೆ ಕಾರಣವಿದೆ. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ಇದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಪ್ರಪಂಚದ ವೈದ್ಯರೆಲ್ಲ ಅದನ್ನು ಕ್ಯಾಸನೂರು ಕಾಡಿನ ರೋಗವೆಂದೇ ಕರೆಯುತ್ತಾರೆ. ನಮ್ಮ ಸೀಮೆ ಜಗತ್ತಿಗೆ ಕೊಟ್ಟ ಹೆಸರು ಅದೊಂದು. ಅದು ಹರಡುವುದು ಉಣುಗು ಕಚ್ಚಿ, ನೀರಿನಿಂದಲ್ಲ, ಎಂದು ಭಾವ ವಿಜ್ಞಾನ ಹೇಳಿದರು. "ಮಂಗ ಈಜೋಕೆ ಬರುವಾಗ ಉಣುಗನ್ನ ಮನೇಲಿ ಬಿಟ್ಟು ಬರ್ತದಾ?" ಎಂದು ಅಕ್ಕ ಕೇಳಿದಳು. ಭಾವನ ವಿಜ್ಞಾನ ಅಲ್ಲಿಗೆ ನಿಂತಿತು.

ಊರಿನವರ ಚೇಷ್ಟೆ ಬೇರೆ. ಸೊರಬ, ಸಾಗರದ ಕಡೆ ಬೇಸಿಗೆಯಲ್ಲಿ ಕೆರೆ ನೀರು ತಳಕ್ಕಿಳಿದಾಗ ಕೆರೆಬೇಟೆ ನಡೆಯುತ್ತದೆ. ಮೀನಿಗೆಂದು ಬಿದಿರಿನ ಕೂಣಿ ಹಿಡಿದ ನೂರಾರು ಜನ ಏರಿಯ ಮೇಲೆ ಸಾಲಾಗಿ ನಿಂತು, ಕೂಗು ಬಿದ್ದದ್ದೇ ಕೆಸರಿಗೆ ಬೀಳುತ್ತಾರೆ. ಕೂಣಿಗಿಷ್ಟು ಎಂದು ಊರಿಗೆ ದುಡ್ಡು ಕಟ್ಟಬೇಕು. ದಿನಾ ಹಾಲು ಹಾಕಲು ಹೋಗುವವರೊಬ್ಬರು ಬೇಲಿಯಾಚೆ ಸೈಕಲ್ ನಿಲ್ಲಿಸಿ, "ಅಯ್ಯಾ, ನಿಮ್ಮ ಕೆರೆಬೇಟೆ ಯಾವಾಗ? ಕೂಣಿಗೆ ಎಷ್ಟು ಇಟ್ಟೀರಿ?" ಎಂದು ಕೇಳತೊಡಗಿದರು. ಭಾವನಿಗೆ ರೋಷ ಬಂತು. ಕೊಳ ರಿಪೇರಿ ಮಾಡಿಸುವುದೇ ಸರಿ ಎಂದು ನಿರ್ಧಾರವಾದದ್ದು ಪಾಚಿಯಿಂದಲ್ಲ, ಈ ಸೈಕಲಿನಿಂದ.

ಅಡಿಕೆ ಬೆಳೆಗಾರನ ಕೈಗೆ ಯಾವ ರೋಗ ಕೊಟ್ಟರೂ ಅವನು ಮೊದಲು ಹುಡುಕುವುದು ಮೈಲುತುತ್ತ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಸಾಹೇಬರು ಇಪ್ಪತ್ತನೆಯ ಶತಮಾನದ ಮೊದಲಲ್ಲಿ ನಮ್ಮವರಿಗೆ ಕಲಿಸಿದರು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು: ನಮ್ಮ ಕಡೆ ಮಗ್ಗಿಗಿಂತ ಮೊದಲು ಬರುವ ಲೆಕ್ಕ ಇದು. "ಪಾಚಿ ಅಂದ್ರೇನು, ಕೊಳೆಯ ತಮ್ಮ" ಎಂದು ಭಾವ ಡ್ರಮ್ಮು ಹೊರಗೆ ಎಳೆದರು.

ತಮಾಷೆಯೆಂದರೆ ಅವರು ಪೂರ್ತಿ ತಪ್ಪಿರಲಿಲ್ಲ. ಮೈಲುತುತ್ತ ಪಾಚಿಯನ್ನು ಕೊಲ್ಲುತ್ತದೆ. ಕೊಳಕ್ಕೆಂದು ಮಾರುವ ಎಷ್ಟೋ ಪಾಚಿನಾಶಕಗಳಲ್ಲಿ ಇರುವುದು ತಾಮ್ರವೇ. ಆದರೆ ಅಲ್ಲಿ ಲೆಕ್ಕ ಗ್ರಾಮಿನದು, ಭಾವ ಕೆಜಿಯವರು. ತಾಮ್ರ ಹೆಚ್ಚಾದರೆ ಗೋಡೆಗೆ ಕಲೆ ಹಿಡಿಯುತ್ತದೆ, ಬಿಳಿ ಕೂದಲಿನವರು ಮುಳುಗಿ ಎದ್ದರೆ ಕೂದಲು ಹಸಿರಾಗುತ್ತದೆ. ಮೊದಲನೆಯದನ್ನು ಹೇಳಿದಾಗ ಭಾವ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡನೆಯದನ್ನು ಹೇಳಿದಾಗ ತಲೆ ಮುಟ್ಟಿಕೊಂಡು ಡ್ರಮ್ಮನ್ನು ಒಳಗಿಟ್ಟರು.

ಆಮೇಲೆ ಮಾಡಿದ್ದು ಮಾತ್ರ ಅವರಿಗೆ ಈಗಲೂ ನೆನಪಿಸಬಾರದು; ಹಾಗಾಗಿ ವಿವರವಾಗಿ ಬರೆಯುತ್ತೇನೆ. ತಳ ತಿಕ್ಕಿ ತೊಳೆಯಬೇಕೆಂದು ಕೊಳವನ್ನು ಪೂರ್ತಿ ಖಾಲಿ ಮಾಡಿಸಿದರು. ಯಾವಾಗ? ಆರಿದ್ರಾ ಮಳೆ ಹಿಡಿದು ಹೊಡೆಯುತ್ತಿರುವಾಗ. "ತುಂಬಿಸೋಕೆ ಬೋರ್ ಓಡಿಸೋದು ಯಾಕೆ, ಮಳೇನೇ ತುಂಬಿಸ್ತದೆ" ಎಂಬ ಉಳಿತಾಯದ ಬುದ್ಧಿ. ಆ ದಿನಗಳಲ್ಲಿ ನಮ್ಮ ಕಡೆ ಬಾವಿಯ ನೀರು ಕೈಗೆ ಎಟಕುತ್ತದೆ. ನೆಲದೊಳಗೆಲ್ಲ ನೀರು. ತುಂಬಿದ ಕೊಳದ ಭಾರ ಅದನ್ನು ಒತ್ತಿ ಹಿಡಿದಿರುತ್ತದೆ. ಕೊಳ ಬರಿದಾದರೆ ಕೆಳಗಿನ ನೀರಿಗೆ ಎದುರು ಹೇಳುವವರು ಯಾರೂ ಇಲ್ಲ. ಸುತ್ತಲಿನ ನೀರು ತಳಕ್ಕಿಂತ ಒಂದು ಮೀಟರ್ ಎತ್ತರಕ್ಕಿದ್ದರೆ ಪ್ರತಿ ಚದರ ಮೀಟರಿಗೆ ಒಂದು ಟನ್ನಿನ ಹಾಗೆ ಮೇಲಕ್ಕೆ ನೂಕುತ್ತದೆ. ಭಾವನ ಕೊಳದ ತಳ ಸುಮಾರು 42 ಚದರ ಮೀಟರ್. 42 ಟನ್. ಮೂರನೆಯ ಬೆಳಗ್ಗೆ ತಳದ ನಡುಭಾಗ ಕಾವಲಿಯ ಮೇಲಿನ ರೊಟ್ಟಿಯ ಹಾಗೆ ಉಬ್ಬಿತ್ತು. ಟೈಲ್ಸುಗಳು ಪಟಪಟ ಎದ್ದು ಒಂದರ ಮೇಲೊಂದು ಕೂತಿದ್ದವು.

ಊರಿನ ಬಾವಿ ತೋಡುವ ಹಿರಿಯರೊಬ್ಬರು ಬಂದು ನೋಡಿ, ಬೀಡಿ ಹಚ್ಚಿ, "ಬಾವಿ ಕಟ್ಟೋನಿಗೆ ಗೊತ್ತಿರ್ತದೆ ಅಯ್ಯಾ, ನೀರು ಎರಡೂ ಕಡೆ ಇರ್ತದೆ" ಎಂದರು. ಇಂಥ ಕೆಲಸ ಬೇಸಿಗೆಯಲ್ಲಿ ಮಾಡಬೇಕು. ಮಾಡಲೇಬೇಕಾದರೆ ಪಕ್ಕದಲ್ಲಿ ಕೊಳದ ತಳಕ್ಕಿಂತ ಆಳದ ಗುಂಡಿ ತೆಗೆದು, ಅದರಿಂದ ಪಂಪಿನಲ್ಲಿ ನೀರು ಎತ್ತುತ್ತಲೇ ಇರಬೇಕು, ಇಲ್ಲವೇ ತಳದಲ್ಲಿ ಒತ್ತಡ ಬಿಡುವ ವಾಲ್ವು ಕೂರಿಸಿರಬೇಕು. ಕಟ್ಟಿದವರು ವಾಲ್ವು ಇಟ್ಟಿರಲಿಲ್ಲ. ಭಾವ ಕೇಳಿರಲೂ ಇಲ್ಲ. ಅವರು ಕೇಳಿದ್ದು ಟೈಲ್ಸಿನಲ್ಲಿ ಡಾಲ್ಫಿನ್ ಬಿಡಿಸಲು ಬರುತ್ತದೆಯೇ ಎಂದು.

ರಿಪೇರಿ ದೀಪಾವಳಿ ಕಳೆಯುವವರೆಗೆ ಕಾಯಬೇಕಾಯಿತು. ಆ ಬಿಡುವಿನಲ್ಲಿ ಭಾವನ ಮನಸ್ಸು ಸರಿಮಾಡಲೆಂದು ಅವರನ್ನು ತಾಳಗುಂದಕ್ಕೆ ಕರೆದುಕೊಂಡು ಹೋದೆ. ಹತ್ತಿರದಲ್ಲೇ ಇದೆ, ಹತ್ತಿರವಿದೆಯೆಂದೇ ಅವರು ನೋಡಿರಲಿಲ್ಲ.

ಪ್ರಣವೇಶ್ವರ ಗುಡಿಯ ಮುಂದೆ ಒಂದು ಕಲ್ಲಿನ ಕಂಬ ನಿಂತಿದೆ. ಮಯೂರಶರ್ಮ ಕಂಚಿಯ ಘಟಿಕೆಗೆ ಓದಲು ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾದದ್ದು, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ್ದು: ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದವರೇ. ಈ ಕತೆಯೆಲ್ಲ ನಮಗೆ ಸಿಕ್ಕಿದ್ದು ಒಂದು ಕೆರೆಯ ಬೋರ್ಡಿನಿಂದ ಎಂದು ಮಾತ್ರ ಮೇಷ್ಟ್ರು ಹೇಳಲಿಲ್ಲ. ಅದೇ ವಂಶದ ಕಾಕುಸ್ಥವರ್ಮ ಈ ಶಿವಾಲಯದ ಹತ್ತಿರ ದೊಡ್ಡದೊಂದು ಕೆರೆ ತೋಡಿಸಿದ. ಮಗ ಶಾಂತಿವರ್ಮನ ಕಾಲಕ್ಕೆ, ಐದನೆಯ ಶತಮಾನದಲ್ಲಿ, ಅದರ ಸಲುವಾಗಿ ಈ ಕಂಬದ ಮೇಲೆ ಶಾಸನ ಬಿತ್ತು. ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ಕಾವ್ಯವನ್ನೇ ಕಟ್ಟಿ, ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ಹೇಳಿಕೊಂಡ. 1894ರಲ್ಲಿ ಬಿ. ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಕದಂಬರ ಚರಿತ್ರೆಗೆ ಇದಕ್ಕಿಂತ ದೊಡ್ಡ ಆಧಾರವಿಲ್ಲ. ಓದುತ್ತಾ ಹೋದರೆ ವಂಶ, ಪರಾಕ್ರಮ, ಹೆಣ್ಣು ಕೊಟ್ಟ ರಾಜಮನೆತನಗಳ ಪಟ್ಟಿ; ಕೆರೆಯ ಮಾತು ಬರುವುದು ಕೊನೆಕೊನೆಗೆ. ಈಗಿನ ಶಂಕುಸ್ಥಾಪನೆಯ ಗ್ರಾನೈಟ್ ಕಲ್ಲಿನಲ್ಲಿ ಅಧ್ಯಕ್ಷರು, ಉಪಾಧ್ಯಕ್ಷರು, ಘನ ಉಪಸ್ಥಿತಿ ಎಲ್ಲ ಮುಗಿದ ಮೇಲೆ ಕೆಳಗೆ ಸಣ್ಣ ಅಕ್ಷರದಲ್ಲಿ ಕಾಮಗಾರಿಯ ಹೆಸರು ಇರುತ್ತದಲ್ಲ, ಆ ಪದ್ಧತಿಗೆ ನಮ್ಮ ತಾಲೂಕಿನಲ್ಲೇ ಒಂದೂವರೆ ಸಾವಿರ ವರ್ಷದ ದಾಖಲೆ ಇದೆ.

ಭಾವ ಕಂಬವನ್ನು ಒಂದು ಸುತ್ತು ಹಾಕಿದರು. "ಕೆರೆಗೆ ಇಷ್ಟು ಬರೆಸಿದಾರಾ?" ಎಂದರು. ಆ ಹೊತ್ತಿಗೇ ಅವರ ತಲೆಯೊಳಗೆ ಏನೋ ಹುಟ್ಟಿದೆಯೆಂದು ನನಗೆ ಅನುಮಾನ ಬಂತು.

ಬರುವಾಗ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ನೋಡಿದೆವು. ಹಿಂದೆ ಅಲ್ಲಿದ್ದ ಮಠಕ್ಕೆ ಕೋಡಿಯ ಮಠವೆಂದೇ ಹೆಸರು. ಕೆರೆಯ ಕೋಡಿಯ ಬಳಿ ಇತ್ತೆಂದು. ವಿದ್ಯೆ, ಅನ್ನ, ಔಷಧ ಎಲ್ಲ ಸಿಗುವ ಜಾಗವೆಂದು 1162ರ ಶಾಸನ ಅದನ್ನು ಹೊಗಳುತ್ತದೆ. ಹೆಚ್ಚಿನ ನೀರು ಹರಿದು ಹೋಗುವ ಬಾಯಿಗೂ ಆಗ ಇಷ್ಟು ಮರ್ಯಾದೆ. ಭಾವನ ಕೊಳದ ಕೋಡಿ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿ. ಅದರಲ್ಲಿ ಕಪ್ಪೆ ಸಂಸಾರ ಮಾಡುತ್ತಿತ್ತು.

ಹಳಬರು ಕೆರೆ ಕಟ್ಟಿ ಕೈತೊಳೆದುಕೊಂಡವರಲ್ಲ. ಕಟ್ಟಿದವನ ಹೊಗಳಿಕೆ ಮುಗಿದ ಮೇಲೆ ಎಷ್ಟೋ ಶಾಸನಗಳಲ್ಲಿ ನೆಲದ ಲೆಕ್ಕ ಬರುತ್ತದೆ. ಕಟ್ಟುಗೊಡಗೆ, ಬಿತ್ತುವಟ್ಟ, ದಶವಂದ. ಕೆರೆ ಕಟ್ಟಿದವನಿಗೆ, ಒಡೆದ ಏರಿ ಸರಿಮಾಡಿದವನಿಗೆ ಇಷ್ಟು ಗದ್ದೆ. ಹೂಳು ಹೊರುವ ಬಂಡಿಗೆ, ಅದರ ಎತ್ತು ಕೋಣಕ್ಕೆ ಇಷ್ಟು. ತೂಬು ತೆರೆದು ಮುಚ್ಚಲು ನೀರುಗಂಟಿ. ಕೆರೆ ಎಂಬುದು ವರ್ಷಾ ವರ್ಷಾ ಹಾಳಾಗುವ ವಸ್ತು ಎಂದು ಕಟ್ಟುವ ದಿನವೇ ಒಪ್ಪಿಕೊಂಡವರು ಅವರು. ನಮ್ಮ ಭಾವ ಒಪ್ಪಿಕೊಂಡದ್ದು ಟೇಪು ಕತ್ತರಿಸಲು ಮಾತ್ರ. ಭಾವನೊಬ್ಬರನ್ನೇ ಅಂದರೆ ಅನ್ಯಾಯ. ನಾಡೆಲ್ಲ ಹಾಗೇ ಇದೆ. ಈಗ ನಮ್ಮಲ್ಲಿ ಉಡುಗಣಿ, ತಾಳಗುಂದ, ಹೊಸೂರು ಏತ ನೀರಾವರಿ, ಸೊರಬದಲ್ಲಿ ಮೂಡಿ ಏತ ನೀರಾವರಿ, ಪೈಪಿನಲ್ಲಿ ನೀರು ತಂದು ಕೆರೆ ತುಂಬಿಸುವ ಯೋಜನೆಗಳು. ಬಹಳ ಒಳ್ಳೆಯದು. ಪೈಪಿನ ನೀರು ಬರುವ ಮೊದಲು ಕೆರೆಯ ಹೊಟ್ಟೆಯಲ್ಲಿನ ಹೂಳು ಜಾಗ ಬಿಡಬೇಕಲ್ಲ ಎಂದರೆ, ಕೇಳಿದವನನ್ನೇ ದುರುಗುಟ್ಟಿ ನೋಡುತ್ತಾರೆ.

ಹಾಗೆಂದು ಜೀರ್ಣೋದ್ಧಾರ ಮಾಡಿದವರೇ ಇಲ್ಲವೆಂದಲ್ಲ. ಸಾಗರ ತಾಲೂಕಿನ ಆನಂದಪುರದ ಬಳಿ ಕೆಳದಿ ವೆಂಕಟಪ್ಪ ನಾಯಕ ಕಟ್ಟಿಸಿದ ಚಂಪಕ ಸರಸ್ಸು ಹೂಳು, ಗಿಡಗಂಟಿ ತುಂಬಿ ಮುಚ್ಚಿಹೋಗಿತ್ತು. ಕೆಲವೇ ವರ್ಷಗಳ ಹಿಂದೆ ನಟ ಯಶ್ ಅವರ ಯಶೋಮಾರ್ಗ ಸಂಸ್ಥೆ ದುಡ್ಡು ಹಾಕಿ, ಶಿರಸಿ ಕಡೆಯ ಶಿವಾನಂದ ಕಳವೆಯವರು ನಿಂತು ಕೆಲಸ ಮಾಡಿಸಿ, ಈಗ ಮೆಟ್ಟಿಲಿನ ಕೆಳಗೆ ತಿಳಿನೀರು ಕಾಣುತ್ತದೆ. ರಂಗೋಲಿ ಬಿಡಿಸುತ್ತಿದ್ದ ಚಂಪಕಾ ಎಂಬ ಹುಡುಗಿಗಾಗಿ ನಾಯಕ ಅದನ್ನು ಕಟ್ಟಿಸಿದ ಎಂದು ಕತೆ. ಕತೆ ಕೇಳಿದ ಅಕ್ಕ, "ನನ್ನ ಹೆಸರಲ್ಲಿ ಇವರು ಕಟ್ಟಿಸಿದ್ದು ಸಾಲದ ಖಾತೆ ಒಂದೇ" ಎಂದಳು.

ಭಾವ ಸರ್ಕಾರದ ಕಡೆಗೂ ಒಂದು ಕಣ್ಣು ಹಾಕಿದ್ದರು. ಪಕ್ಕಪಕ್ಕದ ಎರಡು ತಾಲೂಕು, ಎರಡೂ ಕಡೆಯಿಂದ ಮುಖ್ಯಮಂತ್ರಿಗಳು: ಶಿಕಾರಿಪುರದಿಂದ ಯಡಿಯೂರಪ್ಪ, ಸೊರಬದಿಂದ ಬಂಗಾರಪ್ಪ. ಕುಬಟೂರಿನ ಬಂಗಾರಪ್ಪನವರು ಗುಡಿಗಳ ಜೀರ್ಣೋದ್ಧಾರಕ್ಕೆಂದು ಆರಾಧನಾ ಯೋಜನೆ ತಂದಿದ್ದರು. "ಕೊಳದ ಪಕ್ಕ ಒಂದು ಲಿಂಗ ಇಟ್ಟರೆ ಹೇಗೆ?" ಎಂದು ಭಾವ ನನ್ನ ಕಿವಿಯಲ್ಲಿ ಕೇಳಿದರು. ಲಿಂಗ ಇಟ್ಟರೆ ಬೆಂಗಳೂರಿನವರು ಚಡ್ಡಿಯಲ್ಲಿ ಇಳಿಯುವಂತಿಲ್ಲ ಎಂದೆ. ಯೋಜನೆ ಬಿದ್ದುಹೋಯಿತು.

ಕೆಲಸಕ್ಕೆ ಜನ ಬಂದದ್ದು ರಾಜಸ್ಥಾನದಿಂದ. ಇದಕ್ಕೂ ಒಂದು ನಗು ಇದೆ. ಬೇಲೂರಿನ ಚೆನ್ನಕೇಶವನಿಗೆ ಶಿಲ್ಪ ಕಡೆಯಲು ಹನ್ನೆರಡನೆಯ ಶತಮಾನದಲ್ಲಿ ಬಳ್ಳಿಗಾವೆಯಿಂದ ದಾಸೋಜ ಮತ್ತು ಅವನ ಮಗ ಚಾವಣ ಹೋಗಿದ್ದರು. ತಾವು ಮಾಡಿದ ಶಿಲ್ಪದ ಕೆಳಗೆ ಹೆಸರನ್ನೂ ಬರೆದು ಬಂದರು. ಅಂಥ ಬಳ್ಳಿಗಾವೆಯ ಮಗ್ಗುಲಲ್ಲೇ ಒಂದು ಡಾಲ್ಫಿನ್ ಕೂರಿಸಲು ಕೈ ಸಿಗಲಿಲ್ಲ. ಬಂದ ಹುಡುಗರು ಮಾತ್ರ ಬಲು ಚುರುಕು. ಉಬ್ಬಿದ ತಳ ಒಡೆದರು, ಕಂಬಿ ಕಟ್ಟಿದರು, ಈ ಸಲ ಒತ್ತಡದ ವಾಲ್ವು ಕೂರಿಸಿದರು, ಕಾಂಕ್ರೀಟು ಹಾಕಿ, ವಾಟರ್‌ಪ್ರೂಫಿಂಗ್ ಎರಡು ಕೈ ಬಳಿದರು. ಅದು ಎಷ್ಟು ವರ್ಷ ಬಾಳುತ್ತದೆಂದು ಭಾವ ಕೇಳಿದ್ದಕ್ಕೆ ಮೇಸ್ತ್ರಿ ಹತ್ತು ವರ್ಷದ ಗ್ಯಾರಂಟಿ ಎಂದ. ಮೊಹೆಂಜೊದಾರೊದ ದೊಡ್ಡ ಕೊಳ 12 ಮೀಟರ್ ಉದ್ದ, 7 ಮೀಟರ್ ಅಗಲ, ಭಾವನದರ ಎರಡರಷ್ಟು ದೊಡ್ಡದು. ಇಟ್ಟಿಗೆಯ ಸಂದಿಗೆ ಜಿಪ್ಸಮ್ಮಿನ ಗಾರೆ, ಅದರ ಹಿಂದೆ ಡಾಂಬರಿನ ಪದರ ಕೊಟ್ಟಿದ್ದರು. ನಾಲ್ಕು ಸಾವಿರ ವರ್ಷ ದಾಟಿದರೂ ಗೋಡೆ ನಿಂತಿದೆ. ಅವರ ಗ್ಯಾರಂಟಿ ಕಾರ್ಡು ಓದಲು ಇನ್ನೂ ಯಾರಿಗೂ ಬಂದಿಲ್ಲ.

ಡಾಲ್ಫಿನ್ ಎರಡನೆಯ ಬಾರಿಗೆ ಬಂತು. ಈ ಸಲ ನೋಡಲು ಥೇಟ್ ಬಾಳೆಮೀನು. ಹಾಲಿನವರು ಸೈಕಲ್ ನಿಲ್ಲಿಸಿ ನೋಡಿ, "ಮೀನು ಬಿಟ್ಟಿರಲ್ಲ, ಹಾಗಾದ್ರೆ ಬೇಟೆ ಖಾತ್ರಿ" ಎಂದು ಹೋದರು.

ನೀರು ತುಂಬಿದ ಸಂಜೆ ಬಾಗಿನ ಕೊಟ್ಟದ್ದಾಯಿತು. ಮಕ್ಕಳೆಲ್ಲ ನೆಗೆದರು. ಘಾಟು ಬಂತೆಂದು ಭಾವ, "ಕ್ಲೋರಿನ್ ಜಾಸ್ತಿ ಆಯ್ತಾ?" ಎಂದು ಗಾಬರಿಯಾದರು. ಶುದ್ಧ ನೀರಿನ ಕ್ಲೋರಿನ್ನಿಗೆ ಅಷ್ಟು ಘಾಟಿಲ್ಲ. ಬೆವರು, ಉಚ್ಚೆ ಸೇರಿದಾಗ ಬರುವ ವಾಸನೆ ಅದು ಎಂದು ತಿಳಿಸಿದೆ. ಭಾವ ಮಕ್ಕಳನ್ನು ಒಬ್ಬೊಬ್ಬರಾಗಿ ಎಣಿಸುತ್ತಾ ನಿಂತರು. ಯಾರೂ ಒಪ್ಪಿಕೊಳ್ಳಲಿಲ್ಲ.

ಆಗ ಹೊರಗೆ ಬಂತು ತಾಳಗುಂದದಲ್ಲಿ ಹುಟ್ಟಿದ್ದು. "ಏ ಮಾರಾಯ, ನೀನು ಬರೆಯೋನು. ಕೊಳಕ್ಕೊಂದು ಗ್ರಾನೈಟ್ ಕಲ್ಲು ಹಾಕಿಸ್ತೀನಿ. ನಾಲ್ಕು ಸಾಲು ಬರೆದುಕೊಡು" ಎಂದು ಭಾವ ಕವಳದ ತಟ್ಟೆ ಎಳೆದುಕೊಂಡು ಕೂತರು.

"ವಂಶದಿಂದ ಶುರು ಮಾಡಲಾ ಭಾವ, ಕುಬ್ಜನ ಹಾಗೆ?"

"ಮಾಡು. ನಮ್ಮಜ್ಜ ಶಿರಾಳಕೊಪ್ಪದ ಸಂತೇಲಿ..."

"ವಂಶ ಆಮೇಲೆ" ಎಂದು ಅಕ್ಕ ಒಳಗಿನಿಂದ ಬಂದಳು. "ಮೊದಲು ದತ್ತಿ ಬರಿ. ಅಂಗಳದ ಆಚೆ ಎರಡು ಸಾಲು ಅಡಿಕೆ ಮರ ಈ ಕೊಳಕ್ಕೆ. ಅದರ ದುಡ್ಡಲ್ಲಿ ಮರಳು, ಮದ್ದು, ಕರೆಂಟ್ ಬಿಲ್ಲು. ಇವರು ಅದನ್ನ ಮುಟ್ಟಂಗಿಲ್ಲ."

ಭಾವ ಎಲೆಗೆ ಸುಣ್ಣ ಹಚ್ಚುತ್ತಾ, "ಎರಡು ಸಾಲಾ? ಒಂದು ಸಾಲು ಸಾಲದಾ?" ಎಂದರು.

"ನೀರುಗಂಟಿ ಯಾರು ಅಂತ ಬರೀಲಿ ಅಕ್ಕ?"

"ನಾನೇ. ಹೋಂಸ್ಟೇ ಬಾಡಿಗೇಲಿ ಹತ್ತರಲ್ಲಿ ಒಂದು ಪಾಲು ನನಗೆ. ಆಗಲ್ಲ ಅಂದ್ರೆ ಪಾಚಿ ಅವರೇ ಬಾಚಲಿ."

ದಶವಂದ ಎಂದು ಬರೆದುಕೊಂಡೆ. ಭಾವ ಏನೋ ಹೇಳಲು ಹೊರಟವರು ಕವಳ ಬಾಯಿಗಿಟ್ಟುಕೊಂಡರು. ಶಾಸನವೆಂದ ಮೇಲೆ ಕಡೆಯಲ್ಲಿ ಶಾಪ ಇರಲೇಬೇಕು, ಅದಿಲ್ಲದೆ ಯಾರೂ ಹೆದರುವುದಿಲ್ಲ ಎಂದು ನಾನು ನೆನಪಿಸಿದೆ. ಈ ಧರ್ಮಕ್ಕೆ ತಪ್ಪಿದವರು ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾರೆಂದು ಹಳಬರು ಹೆದರಿಸುತ್ತಿದ್ದರಲ್ಲ, ಹಾಗೆ.

ಅಕ್ಕ ಯೋಚನೆಯನ್ನೇ ಮಾಡಲಿಲ್ಲ. "ಕೊಳದ ದಂಡೇಲಿ ಕವಳ ಉಗುಳಿದೋರಿಗೆ ಆ ಪಾಪ ಅಂತ ಬರಿ."

ಭಾವ ಗದ್ದ ಮೇಲೆತ್ತಿ, ಎರಡೂ ಕೈ ಆಡಿಸಿ, "ಊಂ... ಊಂ..." ಎಂದರು. ಉಗುಳಲು ಜಾಗ ಹುಡುಕಿ ಆ ಕಡೆ ಈ ಕಡೆ ನೋಡಿದರು. ಒಂದು ಕಡೆ ಕೊಳ, ಇನ್ನೊಂದು ಕಡೆ ಅಕ್ಕ.

"ಆ ಸಾಲು ದಪ್ಪ ಅಕ್ಷರದಲ್ಲಿ ಹಾಕು" ಎಂದಳು ಅಕ್ಕ.